ಬಿಸಿಲಿನ ಕರೆಂಟಿಗೆ ಸರ್ಕಾರದ ದುಡ್ಡು ಹಾಕಬೇಕೆ?

ಪರ: ಕಲ್ಲಿದ್ದಲು ನಮ್ಮಲ್ಲಿಲ್ಲ, ಬಿಸಿಲಿದೆ

ಅಪ್ಪ ಹೊಲಕ್ಕೆ ನೀರು ಬಿಡಲು ಹೋಗುತ್ತಿದ್ದದ್ದು ರಾತ್ರಿ ಒಂದೂವರೆಗೆ. ಪಂಪು ಓಡಲು ಬೇಕಾದ ತ್ರೀಫೇಸ್ ಕರೆಂಟು ಬರುತ್ತಿದ್ದದ್ದೇ ಆ ಹೊತ್ತಿಗೆ. ಒಂದು ಕೈಯಲ್ಲಿ ಬ್ಯಾಟರಿ, ಇನ್ನೊಂದರಲ್ಲಿ ಕೋಲು. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಒಂದು ರಾತ್ರಿ ಅವರ ಜೊತೆ ಹೋಗಿದ್ದೆ. ಸ್ಟಾರ್ಟರ್ ಪೆಟ್ಟಿಗೆಯ ಬುಡದಲ್ಲಿ ಕೊಳಕುಮಂಡಲ ಸುರುಳಿ ಸುತ್ತಿಕೊಂಡು ಮಲಗಿತ್ತು. ಅಪ್ಪನ ಕಾಲಿಗೂ ಅದಕ್ಕೂ ಒಂದು ಗೇಣು. ಆಮೇಲೆ ಅವ್ವ, ಅಪ್ಪ ಮನೆಗೆ ಬರುವ ತನಕ ಕಣ್ಣು ಮುಚ್ಚಿದ್ದನ್ನು ನಾನು ನೋಡಿಲ್ಲ.

ಹಗಲೆಲ್ಲ ನೆತ್ತಿ ಸುಡುವ ನಾಡಿನಲ್ಲಿ ರೈತ ನಡುರಾತ್ರಿ ಯಾಕೆ ಹೊಲಕ್ಕೆ ಹೋಗಬೇಕು? ರೈತರ ಪಂಪುಗಳಿಗೆ ಸೋಲಾರ್ ಕರೆಂಟು ಕೊಡುವ ಕೇಂದ್ರದ ಕುಸುಮ್ ಯೋಜನೆಯಲ್ಲಿ ಸಬ್‌ಸ್ಟೇಷನ್ ಹತ್ತಿರವೇ ಸೋಲಾರ್ ಹಾಕಿ, ಪಂಪ್‌ಸೆಟ್ಟಿನ ಫೀಡರಿಗೆ, ಅಂದರೆ ಪಂಪುಗಳಿಗೆ ಹೋಗುವ ಲೈನಿಗೆ, ಹಗಲೇ ಕರೆಂಟು ಕೊಡಬಹುದು. ಇದೊಂದಕ್ಕಾದರೂ ಸರ್ಕಾರ ಕೈಬಿಚ್ಚಿ ಖರ್ಚು ಮಾಡಲಿ.

ಕರ್ನಾಟಕದ ನೆಲದಲ್ಲಿ ಕಲ್ಲಿದ್ದಲಿಲ್ಲ. ರಾಯಚೂರಿನ 1,720 ಮೆಗಾವಾಟ್ ಸ್ಥಾವರ ಉರಿಯಬೇಕಾದರೆ ತೆಲಂಗಾಣದಿಂದ, ಒಡಿಶಾದಿಂದ ರೈಲು ಬರಬೇಕು. 2023ರಲ್ಲಿ ಮಳೆ ಕೈಕೊಟ್ಟು ಜಲಾಶಯಗಳು ತುಂಬದಿದ್ದಾಗ ಏನಾಯಿತು? ಖಾಸಗಿ ಉತ್ಪಾದಕರು ಕರೆಂಟನ್ನು ಹೊರಗೆ ಮಾರದಂತೆ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಹಿಡಿಯಬೇಕಾಯಿತು. ರಾತ್ರಿ ಸೂರ್ಯ ಇರ್ತಾನಾ ಎಂದು ಕೇಳುವವರಿಗೆ ನನ್ನದೊಂದು ಪ್ರಶ್ನೆ: ಆ ವರ್ಷ ನಿಮ್ಮ ಕಲ್ಲಿದ್ದಲು ಎಲ್ಲಿತ್ತು?

ಇಷ್ಟು ದೊಡ್ಡ ಕೆಲಸ ಖಾಸಗಿಯವರು ಮಾಡಲಿ ಅನ್ನುವವರು ಶಿವನಸಮುದ್ರವನ್ನು ನೆನೆಯಬೇಕು. 1902ರಲ್ಲಿ ಮೈಸೂರು ಸಂಸ್ಥಾನವೇ ದುಡ್ಡು ಹಾಕಿ ಕಾವೇರಿಯ ನೀರಿನಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿತು. 1905ರಲ್ಲಿ ಬೆಂಗಳೂರಿನ ಬೀದಿಯಲ್ಲಿ ದೀಪ ಹತ್ತಿತು. ಲಾಭ ಎಷ್ಟು ವರ್ಷಕ್ಕೆ ಬರುತ್ತದೆ ಎಂದು ಅವತ್ತು ಲೆಕ್ಕ ಹಾಕುತ್ತಾ ಕೂತಿದ್ದರೆ ನಾವು ಇನ್ನೂ ಬುಡ್ಡಿದೀಪದಲ್ಲಿ ಇರುತ್ತಿದ್ದೆವು.

ವಿರೋಧ: ಬಿಸಿಲು ನಮ್ಮದು, ಫಲಕ ನಮ್ಮದಲ್ಲ

ಸೌರಶಕ್ತಿಯೇ ಬೇಡ ಎಂದು ನಾನು ಹೇಳಲಾರೆ. ನಮ್ಮ ಮನೆಯ ಮಾಳಿಗೆಯ ಮೇಲೂ ಸೋಲಾರ್ ವಾಟರ್ ಹೀಟರ್ ಇದೆ. ವಿರೋಧದ ಬದಿ ಬರೆಯಿರಿ ಎಂದು ಕೇಳಿದ್ದಾರೆ. ಆ ಬದಿಗೂ ಹುರುಳಿದೆ ಎಂದು ಬರೆಯುತ್ತಿದ್ದೇನೆ.

ಮೊದಲನೆಯದು, ಇದನ್ನು ಸ್ವಾವಲಂಬನೆ ಎಂದು ಕರೆಯುವುದು. ಫಲಕವನ್ನು ಇಲ್ಲೇ ಜೋಡಿಸಿದರೂ ಅದರೊಳಗಿನ ಸಿಲಿಕಾನ್ ಬಿಲ್ಲೆಗಳು ಬಹುಪಾಲು ಚೀನಾದ್ದು. ಒಡಿಶಾದ ರೈಲಿನ ಬದಲು ಚೀನಾದ ಹಡಗಿಗೆ ಕಾಯುವುದಕ್ಕೆ ಸ್ವಾವಲಂಬನೆ ಎನ್ನುತ್ತಾರೆಯೇ? ಬಿಸಿಲಿದ್ದರೆ ಸಾಕು, ಮಿಕ್ಕಿದ್ದೆಲ್ಲ ತಾನಾಗಿ ಬರುತ್ತದೆ ಎಂದು ಪರ ವಾದಿಸುವವರು ನಂಬಿದಂತಿದೆ.

ಎರಡನೆಯದು ಸಂಜೆಯ ಹೊತ್ತು. ಮನೆಮನೆಯಲ್ಲಿ ದೀಪ ಹತ್ತುವಾಗ ಸೋಲಾರ್ ನಿಂತಿರುತ್ತದೆ. ಅದಕ್ಕೆಂದೇ ಶರಾವತಿಯಲ್ಲಿ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ: ಗೇರುಸೊಪ್ಪೆಯ ನೀರನ್ನು ತಲಕಳಲೆಗೆ ಎತ್ತಿ, ಬೇಕಾದಾಗ ಕೆಳಗೆ ಬಿಡುವುದು. ಎತ್ತಲು ಬೇಕಾಗುವ ಕರೆಂಟು ಇಳಿಸುವಾಗ ಸಿಗುವುದಕ್ಕಿಂತ ಹೆಚ್ಚು. ಜಾಗವೋ ಸಿಂಗಳೀಕಗಳ ಅಭಯಾರಣ್ಯ.

ಇನ್ನು ಭೂಮಿ. ಪಾವಗಡದ ಸೋಲಾರ್ ಪಾರ್ಕು ಸುಮಾರು 13,000 ಎಕರೆ. ಜಮೀನು ಕೊಟ್ಟವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಬಾಡಿಗೆ ಶುರುವಾಯಿತು. ಬರದ ಸೀಮೆಯಲ್ಲಿ ಅದು ಒಳ್ಳೆಯ ದುಡ್ಡೇ, ಒಪ್ಪುತ್ತೇನೆ. ಆದರೆ ಜಮೀನೇ ಇಲ್ಲದವರು? ನಮ್ಮ ಚಿಕ್ಕಮ್ಮನ ಊರ ಹತ್ತಿರವೂ ಸಣ್ಣದೊಂದು ಪಾರ್ಕು ಬಂತು. ಆಕೆ ಕಡಲೆಕಾಯಿ ಬಿಡಿಸುವ ಕೂಲಿಗೆ ಹೋಗಿ, ಬೀಳು ಹೊಲದಲ್ಲಿ ಹನ್ನೊಂದು ಮೇಕೆ ಮೇಯಿಸಿಕೊಂಡು ಬದುಕಿದವಳು. ತಂತಿಬೇಲಿ ಬಿದ್ದ ವರ್ಷವೇ ಮೇಕೆಗಳನ್ನು ಮಾರಿದಳು. ಬಾಡಿಗೆಯಲ್ಲಿ ಆಕೆಗೆ ಪಾಲಿಲ್ಲ. ಹೋದ ಯುಗಾದಿಗೆ ಹೋದಾಗ ಬೇಲಿಯ ಹತ್ತಿರ ಕರೆದುಕೊಂಡು ಹೋಗಿ ತೋರಿಸಿದಳು. ಫಲಕ ತೊಳೆದ ನೀರು ಬಿದ್ದು ಅಡಿಯಲ್ಲಿ ಮೊಣಕಾಲೆತ್ತರ ಹುಲ್ಲು ಬೆಳೆದಿತ್ತು. "ನೋಡಪ್ಪ, ಎಷ್ಟು ಹಸಿರಾಗೈತೆ" ಅಂದಳು.