ಕೊತ್ತಂಬರಿ ಗೈರುಹಾಜರಿ

ಗೋಡೆ ಕ್ಯಾಲೆಂಡರ್ ಇರುವುದು ಯಾತಕ್ಕೆ? ಹಾಲು ಬಾರದ ದಿನ ಗುರುತು ಹಾಕಲು, ಹೊಸ ಸಿಲಿಂಡರ್ ಹಾಕಿದ ತಾರೀಖು ಬರೆಯಲು, ಏಕಾದಶಿ ಯಾವತ್ತು ಅಂತ ನೋಡಲು. ನಿಮ್ಮ ಮನೆಯಲ್ಲೂ ಅಷ್ಟೇ ಅಲ್ವಾ? ನಮ್ಮ ಮನೆಯಲ್ಲಿ ಈಗ ಅದರ ಮೇಲೆ ವ್ಯವಸಾಯ ನಡೆಯುತ್ತಿದೆ.

ಐಡಿಯಾ ಯಜಮಾನರದ್ದು. ‘ಟೆರೇಸಿನಲ್ಲಿ ತರಕಾರಿ ಬೆಳೆಯೋಣ. ಯಾವಾಗ ಏನು ಬಿತ್ತೋದು ಅಂತ ಮಕ್ಕಳೇ ಕ್ಯಾಲೆಂಡರಿನಲ್ಲಿ ಬರೀಲಿ. ಮೊಬೈಲ್ ಬಿಡ್ತಾರೆ’ ಅಂದರು. ಹೇಳಿ ಮುಗಿಸಿ ತಮ್ಮ ಮೊಬೈಲ್ ಹಿಡಿದು ಸೋಫಾ ಸೇರಿದರು.

ಮಗನಿಗೆ ಜೂನ್ ಮಳೆಯಲ್ಲಿ ಕಲ್ಲಂಗಡಿ ಬೇಕು. ಅತ್ತೆ ‘ಮೃಗಶಿರಾ ಹುಟ್ಟಲಿ, ಆಮೇಲೆ ಬೀಜ ಮುಟ್ಟಿ’ ಅಂದರು. ಆ ಮಳೆ ನಕ್ಷತ್ರ ಹುಟ್ಟುವುದು ಜೂನ್ 7–8ರ ಹೊತ್ತಿಗೆ. ಕೊನೆಗೆ ಮೆಂತ್ಯ, ಮೂಲಂಗಿ, ಕೊತ್ತಂಬರಿ ಅಂತ ತೀರ್ಮಾನವಾಯಿತು.

ಎರಡನೇ ಕ್ಲಾಸಿನ ಮಗಳು ಸ್ಕೇಲು ಹಿಡಿದು ದಿನಾ ಕುಂಡಗಳ ಹಾಜರಿ ಕರೆಯತೊಡಗಿದಳು. ‘ಮೆಂತ್ಯ?’ ಮೂರು ನಾಲ್ಕು ದಿನಕ್ಕೇ ಮೊಳೆಯುವ ಜಾಣ ಅದು. ‘ಪ್ರೆಸೆಂಟ್ ಮಿಸ್’ ಅಂತ ಸಣ್ಣ ದನಿಯಲ್ಲಿ ಅವಳೇ ಉತ್ತರಿಸುವಳು. ಮೂಲಂಗಿಯೂ ಬಂತು. ‘ಕೊತ್ತಂಬರಿ?’ ಸದ್ದಿಲ್ಲ. ಹೇಗೆ ಬರಬೇಕು? ಧನಿಯಾದ ಒಂದು ಕಾಳೊಳಗೆ ಎರಡು ಬೀಜ ಇರುತ್ತವೆ, ಉಜ್ಜಿ ಹೋಳು ಮಾಡಿ ಹಾಕಬೇಕು ಅಂತ ಅತ್ತೆ ಬಡಕೊಂಡರೂ, ಯಜಮಾನರು ಮಸಾಲೆ ಡಬ್ಬಿಯಿಂದ ಇಡೀ ಕಾಳನ್ನೇ ಸುರಿದಿದ್ದರು. ಸರಿಯಾಗಿ ಹಾಕಿದರೂ ಅದಕ್ಕೆ ವಾರದ ಮೇಲೇ ಬೇಕು. ಮಿಸ್ಸಿಗೆ ಅಷ್ಟು ತಾಳ್ಮೆ ಎಲ್ಲಿಂದ? ದಿನಾ ಕ್ಯಾಲೆಂಡರಿನಲ್ಲಿ ಒಂದು ಇಂಟು ಮಾರ್ಕು.

ಒಂದು ಬೆಳಿಗ್ಗೆ ಕುಂಡಕ್ಕೆ ಚೀಟಿ ಅಂಟಿತ್ತು: ‘ಪೋಷಕರನ್ನು ಕರೆದುಕೊಂಡು ಬಾ.’ ಯಜಮಾನರು ಆಫೀಸ್ ನೆಪ ಹೇಳಿ ಜಾರಿಕೊಂಡರು. ಪೋಷಕಿ ನಾನು. ಖಾಲಿ ಕುಂಡದ ಮುಂದೆ ಕೈಕಟ್ಟಿ ನಿಂತೆ. ‘ನಿಮ್ಮ ಮಗು ಯಾರ ಜೊತೆನೂ ಬೆರೆಯಲ್ಲ. ಮನೇಲಿ ಸಮಸ್ಯೆ ಇದ್ಯಾ?’ ಕೆಳಗೆ ಕುಕ್ಕರ್ ಕೂಗುತ್ತಿತ್ತು. ‘ಇದೆ ಮಿಸ್’ ಅಂದೆ.

ಇವತ್ತು ಹಾಲಿನವನು ತಿಂಗಳ ಲೆಕ್ಕಕ್ಕೆ ಬಂದ. ಕ್ಯಾಲೆಂಡರ್ ನೋಡಿ ಮುಖ ಸಪ್ಪಗಾಯಿತು. ‘ಅಕ್ಕಾ, ಇಷ್ಟೊಂದು ದಿನ ಹಾಲು ಹಾಕಿಲ್ವಾ ನಾನು?’ ಹಾಲು ಬಾರದ ದಿನಕ್ಕೂ ನನ್ನದು ಇಂಟು ಮಾರ್ಕೇ! ‘ಅದು ನಿಂದಲ್ಲಪ್ಪ, ಕೊತ್ತಂಬರಿ ರಜೆ’ ಅಂದೆ. ಅವನು ಒಂದು ಹೆಜ್ಜೆ ಹಿಂದೆ ಸರಿದ. ಯಾವ ಇಂಟು ಯಾರದ್ದು ಅಂತ ಕೊನೆಗೂ ಗೊತ್ತಾಗದೆ ಪೂರ್ತಿ ತಿಂಗಳ ದುಡ್ಡು ಎಣಿಸಿಕೊಟ್ಟೆ. ‘ಹೋಗ್ಲಿ ಬಿಡು, ಮಕ್ಕಳು ಕಲೀತಿದ್ದಾರಲ್ಲ’ ಅಂದರು ಯಜಮಾನರು, ಮೊಬೈಲಿನಿಂದ ತಲೆ ಎತ್ತದೆ. ನನಗೆ ಮೈಯೆಲ್ಲ ಉರಿಯಿತು.

ನಮ್ಮಜ್ಜಿಗೆ ಓದಲು ಬರುತ್ತಿರಲಿಲ್ಲ. ಆಕಾಶ ನೋಡಿ ಹಿತ್ತಲಿಗೆ ಬೀಜ ಎರಚಿದರೆ ಕುಂಬಳದ ಬಳ್ಳಿ ಹಂಚಿನ ಮೇಲೆ ಏರುತ್ತಿತ್ತು. ನಾವು ಮಕ್ಕಳು ಸುಮ್ನೆ ಹಿಂದೆ ಹಿಂದೆ ಓಡಾಡುತ್ತಿದ್ದೆವು. ಈಗ ನೆನೆದರೆ ಹೊಟ್ಟೆಯಲ್ಲಿ ಏನೋ ಸಂಕಟ.

ಸಾರಿಗೆ ಬೇಕಲ್ಲ, ಅಂಗಡಿಯಿಂದ ಒಂದು ಕಟ್ಟು ಕೊತ್ತಂಬರಿ ತಂದೆ. ಮಗಳು ಅದನ್ನು ಮೇಲಿಂದ ಕೆಳಗೆ ನೋಡಿ ಕೇಳಿದಳು, ‘ಇದು ಯಾವ ಸ್ಕೂಲು? ಟಿಸಿ ತಂದಿದ್ಯಾ?’