ನೀರು ಮೇಲಿಂದ ಬಂತೋ, ಕೆಳಗಿಂದ ಬಂತೋ?

ಹವಾಮಾನವನ್ನು ‘ಅವರು’ ನಿಯಂತ್ರಿಸಬಲ್ಲರು ಅಂತ ಅಮೆರಿಕದ ಆಗಿನ ಸಂಸದೆ ಮಾರ್ಜೊರಿ ಟೇಲರ್ ಗ್ರೀನ್ ಹೇಳಿದ್ದನ್ನು ಓದಿ ನೀವೆಲ್ಲ ನಕ್ಕಿರುತ್ತೀರಿ. ಫ್ಲೋರಿಡಾದ ಟ್ಯಾಂಪಾದ ಮನೆಯಲ್ಲಿ ಮಿಲ್ಟನ್ ಚಂಡಮಾರುತಕ್ಕೆ ಕಾಯುತ್ತಾ ಕೂತಿದ್ದ ನನಗೆ ಮಾತ್ರ ಆಸೆ ಹುಟ್ಟಿತು. ಆ ‘ಅವರ’ ನಂಬರ್ ಕೊಡಿ ತಾಯಿ, ಸ್ವಲ್ಪ ಆ ಕಡೆ ತಿರುಗಿಸಿ ಅಂತ ಕೇಳಿಕೊಳ್ಳುತ್ತೇನೆ.

2024ರ ಅಕ್ಟೋಬರ್ 7ಕ್ಕೆ ಮಿಲ್ಟನ್ ಎಲ್ಲಕ್ಕಿಂತ ಮೇಲಿನ 5ನೇ ದರ್ಜೆಗೆ ಏರಿತ್ತು. ಗಾಳಿ ಗಂಟೆಗೆ 180 ಮೈಲಿ. ಖಾಲಿ ಮಾಡಿ ಅಂದ ಜಾಗದಲ್ಲೇ ಉಳಿದರೆ ಸಾಯುತ್ತೀರಿ ಅಂತ ಮೇಯರ್ ಜೇನ್ ಕ್ಯಾಸ್ಟರ್ ಟಿವಿಯಲ್ಲೇ ಹೇಳಿಬಿಟ್ಟರು. ನಮ್ಮೂರ ಮಂತ್ರಿಗಳಾಗಿದ್ದರೆ ‘ಎಲ್ಲ ಮುನ್ನೆಚ್ಚರಿಕೆ ಕೈಗೊಳ್ಳಲಾಗಿದೆ’ ಅನ್ನುತ್ತಿದ್ದರು. ಸಾಯುವವರಿಗೆ ಒಂದು ಸಮಾಧಾನವಾದರೂ ಇರುತ್ತಿತ್ತು, ಅಲ್ವಾ?

ನಮ್ಮದು ಖಾಲಿ ಮಾಡಬೇಕಾದ ವಲಯವಲ್ಲ. ಹೋಗೋಣ ಅಂದರೂ ಬಂಕುಗಳಲ್ಲಿ ಪೆಟ್ರೋಲ್ ಇಲ್ಲ. ಸುಮ್ನೆ ಕೂತು ಟಿವಿ ನೋಡಿದೆವು. ಇಲ್ಲಿ ಇನ್ನೊಂದು ತಮಾಷೆ ಉಂಟು. ಎಷ್ಟು ಹಾನಿಯಾಗಿದೆ ಅಂತ ಅಂದಾಜು ಮಾಡಲು ವಿಪತ್ತು ನಿರ್ವಹಣೆಯವರು ಹಗಲೂ ರಾತ್ರಿ ಬಾಗಿಲು ಹಾಕದ ವಾಫಲ್ ಹೌಸ್ ಹೋಟೆಲ್ ತೆರೆದಿದೆಯಾ ಅಂತ ನೋಡುತ್ತಾರೆ. ಪೂರ್ತಿ ಮೆನು ಸಿಕ್ಕರೆ ಹಸಿರು, ಅರ್ಧಂಬರ್ಧ ಸಿಕ್ಕರೆ ಹಳದಿ, ಬಾಗಿಲು ಹಾಕಿದ್ದರೆ ಕೆಂಪು. ಗೇಲಿ ಮಾಡಬೇಡಿ. ನನ್ನ ಪ್ರಕಾರ ಇಡೀ ವ್ಯವಸ್ಥೆಯಲ್ಲಿ ತಲೆ ಓಡಿಸಿ ಮಾಡಿದ ಕೆಲಸ ಅದೊಂದೇ. ನಮ್ಮ ಪಕ್ಕದ ಸೇಂಟ್ ಪೀಟರ್ಸ್‌ಬರ್ಗ್‌ನ ಟ್ರಾಪಿಕಾನಾ ಫೀಲ್ಡ್ ಕ್ರೀಡಾಂಗಣವನ್ನೇ ನೋಡಿ. ಪರಿಹಾರಕ್ಕೆ ಬಂದವರು ಮಲಗಲಿ ಅಂತ ಅಲ್ಲಿ ಸಾಲು ಸಾಲು ಮಂಚ ಹಾಕಿದ್ದರು. ಮಿಲ್ಟನ್ ಬಂದು ಅದರ ಚಾವಣಿಯನ್ನೇ ಚಿಂದಿ ಮಾಡಿ ಹೋಯಿತು. ಪುಣ್ಯಕ್ಕೆ ಯಾರಿಗೂ ಏಟಾಗಲಿಲ್ಲ.

ಗಾಳಿ ಜೋರಾದ ಮೇಲೆ ಮಾಡಲು ಬೇರೇನೂ ಇರಲಿಲ್ಲ. ಕರೆಂಟ್ ಹೋಗುವ ಮೊದಲು ವಿಮೆ ಪತ್ರ ತೆಗೆದು ಓದಿದೆ. ಆಹಾ, ಎಂಥ ಪಾಂಡಿತ್ಯ! ಗಾಳಿಗೆ ಹೆಂಚು ಹಾರಿ ಮಳೆನೀರು ಒಳಗೆ ಬಂದರೆ ಅದು ಚಂಡಮಾರುತ. ಅದೇ ನೀರು ರಸ್ತೆಯಿಂದ ಹೊಸಿಲು ದಾಟಿ ಬಂದರೆ ಪ್ರವಾಹ. ಅದಕ್ಕೆ ಬೇರೆ ವಿಮೆ, ಬೇರೆ ದುಡ್ಡು. ಚಂಡಮಾರುತದ್ದೇ ಅಂತ ಒಪ್ಪಿಕೊಂಡರೂ ನಷ್ಟದ ಮೊದಲ ಪಾಲು ನಮ್ಮದೇ. 4 ಲಕ್ಷ ಡಾಲರ್ ವಿಮೆಗೆ ಶೇ 2 ಅಂದರೂ 8 ಸಾವಿರ ಡಾಲರ್ ಕೈಯಿಂದ ಹೋಗಬೇಕು. ಹೊಸಿಲ ಹತ್ತಿರ ಒಬ್ಬರನ್ನು ನಿಲ್ಲಿಸಿ, ಬರುವ ನೀರಿಗೆಲ್ಲ ‘ಸ್ವಾಮಿ, ತಾವು ಯಾವ ಕಡೆಯಿಂದ?’ ಅಂತ ಕೇಳಿಸಬೇಕು.

ಪ್ರವಾಹದ ವಿಮೆ ಮೊದಲೇ ಮಾಡಿಸಬಾರದಿತ್ತಾ ಅನ್ನುತ್ತೀರಾ? ಸೆಪ್ಟೆಂಬರ್ 26ಕ್ಕೆ ಹೆಲೀನ್ ಅನ್ನೋ ಇನ್ನೊಂದು ಚಂಡಮಾರುತ ಬಂತು. ಅದು ನೆನೆಸಿದ ಸೋಫಾ, ಹಾಸಿಗೆ, ಫ್ರಿಜ್ಜುಗಳು ಇನ್ನೂ ರಸ್ತೆ ಬದಿಯಲ್ಲಿ ರಾಶಿ ಬಿದ್ದಿರುವಾಗಲೇ, ಅಕ್ಟೋಬರ್ 9ಕ್ಕೆ, ಮಿಲ್ಟನ್ ಬಂತು. ಮಧ್ಯೆ ಇದ್ದದ್ದು 13 ದಿನ. ಸರ್ಕಾರದ ಪ್ರವಾಹ ವಿಮೆಗೆ ಇವತ್ತು ದುಡ್ಡು ಕಟ್ಟಿದರೆ ಜಾರಿಗೆ ಬರುವುದು ಸಾಮಾನ್ಯವಾಗಿ 30 ದಿನದ ಮೇಲೆ. ಹೆಲೀನ್ ಹೋದ ಮಾರನೇ ದಿನವೇ ಓಡಿ ಹೋಗಿ ಕಟ್ಟಿದವರಿಗೂ ಸಿಗುವುದು ಸೊನ್ನೆ. ಆ ನಿಯಮ ಬರೆದವರು ಯಾರೂ ಒದ್ದೆ ಹಾಸಿಗೆಯನ್ನು ಬೀದಿಗೆ ಎಳೆದು ಹಾಕಿದವರಲ್ಲ. ನಾಚಿಕೆ ಆಗಬೇಕು ಇವರಿಗೆ.