ಗಾಳ ಬದಲಿಸಿದರೆ ತೇಲಿಸಿಯೂ ನೋಡಿ

ಬಾಸ್ ಮೀನಿಗೆಂದು ಮಾಡಿದ ಪಾಪರ್‌ಗೆ (ನೀರಿನ ಮೇಲೆ ತೇಲುತ್ತ, ಎಳೆದಾಗ ಸದ್ದು ಮಾಡುವ ಹುಸಿ ಮೀನು) ದಪ್ಪ ಗಾಳ ಹಾಕಿ ಎಂದು ಗಾಳ ಬದಲಿಸುವ ಬಗೆಗಿನ ಲೇಖನದಲ್ಲಿ ಬರೆದದ್ದು ಸರಿ, ಆದರೆ ತೂಕದ ಮಾತು ಬಿಟ್ಟುಹೋಗಿದೆ. ಅಮೆರಿಕದ ಬಾಸ್‌ಗೆಂದು ಮಾಡಿದ ತೆಳು ಗಾಳ ನಮ್ಮ ಕಾಸರಗೋಡಿನ ಚಂದ್ರಗಿರಿ ಅಳಿವೆಯ ಚೆಂಬಲ್ಲಿ ಮೀನು ಎಳೆದರೆ ನೆಟ್ಟಗಾಗಿಬಿಡುತ್ತದೆ. ಹಾಗೆಂದು ಪಾಪರಿನ ಹೊಟ್ಟೆ, ಬಾಲ ಎರಡೂ ಕಡೆ ದಪ್ಪದ್ದು ಹಾಕಿದಿರೋ, ಪಾಪರಿನ ಬಾಯಿ ನೀರಿನಡಿಗೆ ಹೋಗಿ ಆ 'ಬುಳಕ್' ಸದ್ದೇ ಹುಟ್ಟುವುದಿಲ್ಲ. ಬಾಲದ ಮುಕ್ಕೊಕ್ಕೆಯನ್ನು (ಮೂರು ಮೊನೆಯ ಗಾಳ) ದಪ್ಪ ಮಾಡಿ, ಹೊಟ್ಟೆಯದ್ದಕ್ಕೆ ಒಂಟಿ ಗಾಳ ಸಾಕು. ಬಾಲ ಇಳಿದು, ಬಾಯಿಯ ಅರ್ಧ ನೀರಿನ ಮೇಲಿರಬೇಕು.

ತೇಲಿಸಿ ನೋಡುವುದು ಬಾವಿನೀರಿನ ಬಕೆಟ್‌ನಲ್ಲಲ್ಲ, ಮೀನು ಹಿಡಿಯುವ ಜಾಗದ ನೀರಿನಲ್ಲೇ. ಬೇಸಿಗೆಯ ಉಪ್ಪುನೀರಿನಲ್ಲಿ ಎತ್ತರಕ್ಕೆ ತೇಲಿದ್ದು ಮಳೆಗಾಲದ ಸಿಹಿನೀರಿನಲ್ಲಿ ತಗ್ಗುತ್ತದೆ. ಬಾಲಕ್ಕೆ ಹುಂಜದ ಕೊರಳ ಗರಿ ಕಟ್ಟುವುದಾದರೆ ನಾಲ್ಕು ಸಾಕು. ಗಾಳವನ್ನು ಪಾಪರಿಗೆ ಸೇರಿಸುವ ಸ್ಪ್ಲಿಟ್ ರಿಂಗ್ ಮಾತ್ರ ಸ್ಟೇನ್‌ಲೆಸ್ಸೇ ಇರಲಿ.